ದಿನ ಅರ್ಧರ್ಧ, ಖರ್ಚು ಅರ್ಧರ್ಧವಲ್ಲ

ಮಾನ್ಯ ಸಂಪಾದಕರೇ,

ವಿಚ್ಛೇದನದ ಮಾತುಕತೆಗೆ ಕೂತಾಗ ಕೊಡಗು ಜಿಲ್ಲೆಯಲ್ಲಿ ಪದೇ ಪದೇ ಕೇಳಿಬರುವ ಮಾತು: ‘ಮಗು ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ಮತ್ತೆ ಜೀವನಾಂಶ ಯಾಕೆ?’ ಕೇಳಲು ನ್ಯಾಯವಾಗಿಯೇ ಇದೆ, ಕಾಗದದ ಮೇಲೆ ಲೆಕ್ಕ ಹಾಕುವವರೆಗೆ.

ಶಾಲೆ ಫೀಸು, ವ್ಯಾನು, ಟ್ಯೂಷನ್, ವಿಮೆ ಇವು ಮಗು ರಾತ್ರಿ ಯಾರ ಮನೆಯಲ್ಲಿ ಮಲಗಿತು ಎಂದು ಕೇಳಿಕೊಂಡು ಬರುವುದಿಲ್ಲ. ಯಾರೋ ಒಬ್ಬರು ಕಟ್ಟಲೇಬೇಕು. ತಂದೆಯ ತಿಂಗಳ ಆದಾಯ 90,000, ತಾಯಿಯದು 30,000 ರೂಪಾಯಿ ಎನ್ನಿ. ಫೀಸು, ವ್ಯಾನು ಇತ್ಯಾದಿಗೆ ತಿಂಗಳಿಗೆ 12,000, ಕಟ್ಟುವುದು ತಾಯಿ. ಊಟ, ಬಟ್ಟೆಗೆ ಎರಡೂ ಮನೆಯಲ್ಲಿ ತಲಾ 5,000. ಒಟ್ಟು 22,000. ಆದಾಯಕ್ಕೆ ತಕ್ಕಂತೆ ಮುಕ್ಕಾಲು ಪಾಲು, ಅಂದರೆ 16,500 ತಂದೆಯದು. ಅವರ ಮನೆಯಲ್ಲೇ ಖರ್ಚಾದ 5,000 ಕಳೆದರೂ ತಾಯಿಗೆ 11,500 ಕೊಡಬೇಕಾಗುತ್ತದೆ. ದಿನ ಮಾತ್ರ ಸರಿಸಮ.

ಇದು ಕಾನೂನು ಬರೆದಿಟ್ಟ ಸೂತ್ರವಲ್ಲ. ಬ್ರಿಟನ್ನಿನಂತೆ ರಾತ್ರಿಗಳನ್ನು ಎಣಿಸಿ ಮೊತ್ತ ಇಳಿಸುವ ಕೋಷ್ಟಕ ನಮ್ಮಲ್ಲಿಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ 20ನೇ ಕಲಂ ತಂದೆ, ತಾಯಿ ಇಬ್ಬರನ್ನೂ ಹೊಣೆ ಮಾಡುತ್ತದೆ. ತಾಯಿಗೂ ಸಾಕಷ್ಟು ದುಡಿಮೆ ಇದ್ದರೆ ಓದಿನ ಖರ್ಚನ್ನು ಅನುಪಾತದಲ್ಲಿ ಹಂಚಬಹುದು ಎಂದು 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಮಗುವನ್ನು ಆರಾರು ತಿಂಗಳು ಹಂಚಿ ಖರ್ಚನ್ನೂ ಸಮವಾಗಿ ಹೊರಿಸಿದ್ದುಂಟು. ಆದಾಯ ಹೆಚ್ಚುಕಮ್ಮಿ ಒಂದೇ ಇದ್ದವರಿಗೆ ಅದು ಸರಿ, ಎಲ್ಲರಿಗೂ ಅಳತೆಗೋಲಾಗದು.

ಸಂಬಳದ ಚೀಟಿ ಇದ್ದವರ ಆದಾಯ ಸುಲಭಕ್ಕೆ ಸಿಗುತ್ತದೆ. ತೊಡಕು ತೋಟದ ಮನೆಗಳಲ್ಲಿ. ಕೃಷಿ ಆದಾಯಕ್ಕೆ ಬಹುಪಾಲು ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್ ನೋಡಿದರೆ ಹತ್ತು ಎಕರೆಯವರೂ ಬಡವರೇ! ಇದಕ್ಕೆಂದೇ 2020ರ ತೀರ್ಪು ಕೃಷಿಕರಿಗೆ ಬೇರೆ ಪ್ರಮಾಣಪತ್ರದ (ಅಫಿಡವಿಟ್‌ನ) ನಮೂನೆ ಕೊಟ್ಟಿದೆ: ಜಮೀನಿನ ವಿಸ್ತೀರ್ಣ, ಅದರಲ್ಲಿ ನಿಮ್ಮ ಪಾಲು, ಬೆಳೆ, ಹಿಂದಿನ 3 ವರ್ಷದ ಆದಾಯ, ಸಾಲ. ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ ಪಹಣಿಯಲ್ಲಿ ಒಕ್ಕದ (ಕುಲದ ಕುಟುಂಬದ) ಹತ್ತು ಹೆಸರಿದ್ದರೆ ಸ್ವಂತ ಅನುಭೋಗದಲ್ಲಿರುವುದೆಷ್ಟು ಎಂಬುದನ್ನು ಬಿಡಿಸಿ ಬರೆಯಬೇಕು. ಕಾಫಿ ವ್ಯಾಪಾರಿಯ ಬಿಲ್ಲು, ಕ್ಯೂರಿಂಗ್ (ಕಾಫಿ ಸಂಸ್ಕರಣೆ) ಲೆಕ್ಕ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ತಾಳೆ ನೋಡಿ. ಕಾಫಿ ಬರೆದವರು ಸಿಲ್ವರ್ ಮರದ ಮೇಲಿನ ಕರಿಮೆಣಸನ್ನೂ ಹಿತ್ತಿಲ ಹೋಂಸ್ಟೇಯನ್ನೂ ಮರೆಯುವುದು ಹೆಚ್ಚು.

ಇನ್ನೊಂದು, ದುಡ್ಡು ಬರುವ ಕಾಲ. ರೋಬಸ್ಟಾ ಕೊಯ್ಲು ಮುಗಿದು ಮಾರಾಟವಾಗುವಾಗ ಕೈಯಲ್ಲಿ ಹಣ. ಆಟಿಯ (ಜುಲೈ-ಆಗಸ್ಟ್) ಮಳೆಗೆ ಕೈ ಖಾಲಿ. ಪ್ರತಿ ತಿಂಗಳಿಗೂ ಒಂದೇ ದೊಡ್ಡ ಮೊತ್ತ ಬರೆಸಿಕೊಂಡರೆ ಆಗಸ್ಟಿಗೆ ಬಾಕಿ ಶುರು. ವರ್ಷದ ಫೀಸನ್ನು ಮಾರ್ಚ್-ಏಪ್ರಿಲ್‌ನಲ್ಲೇ ನೇರ ಶಾಲೆಗೆ ಕಟ್ಟುವುದು, ತಿಂಗಳಿಗೆ ಚಿಕ್ಕ ಮೊತ್ತ ಬ್ಯಾಂಕಿಗೆ ಹಾಕುವುದು ಎಂದು ಒಪ್ಪಂದದಲ್ಲೇ ಬರೆಸುವುದು ಜಾಣತನ. ‘ಇಬ್ಬರೂ ಸಮನಾಗಿ ಭರಿಸತಕ್ಕದ್ದು’ ಎಂಬ ಒಂದೇ ಸಾಲಿಗಿಂತ ಜಗಳದ ಬೀಜ ಬೇರಿಲ್ಲ. ಯಾರು, ಯಾವ ತಾರೀಖಿಗೆ, ಯಾವ ಖಾತೆಗೆ ಎಂಬುದು ಬೇಕು.

ಒಪ್ಪಂದ ಬರೀ ಛಾಪಾ ಕಾಗದದಲ್ಲಿ ಉಳಿದರೆ ಡಿಕ್ರಿಯಂತೆ (ಕೋರ್ಟಿನ ತೀರ್ಮಾನದಂತೆ) ಜಾರಿ ಮಾಡಿಸಲಾಗದು; ಕೋರ್ಟಿನ ಆದೇಶದಲ್ಲಿ ಸೇರಬೇಕು. ಮಗುವಿನ ಕೈಗೆ ಕೊಟ್ಟ ನಗದಿಗೆ ಸಾಕ್ಷಿ ಇರುವುದಿಲ್ಲ. ರಜೆಯಲ್ಲಿ ಮಗು ತನ್ನಲ್ಲೇ ಇತ್ತೆಂದು, ಇಲ್ಲವೇ ಭೇಟಿಗೆ ಬಿಡಲಿಲ್ಲವೆಂದು ತಾನೇ ಮೊತ್ತ ಕಡಿತ ಮಾಡುವಂತಿಲ್ಲ. ಪರಿಸ್ಥಿತಿ ಬದಲಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂನಡಿ ಅರ್ಜಿ ಹಾಕಬೇಕು. ಅದೇ ಸಂಹಿತೆಯ 144ನೇ ಕಲಂನ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ರ ಜೀವನಾಂಶ ಆದೇಶದ ಬಾಕಿಗೆ ವಾರಂಟ್ ಬೇಕಾದರೆ ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕು. ‘ಕೊಟ್ಟಾರು’ ಎಂದು ಕಾಯುತ್ತಾ ಈ ಗಡುವು ತಪ್ಪಿಸಿಕೊಂಡವರೇ ಬಹಳ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ದೂರವಾಣಿ 15100.

ಕೊನೆಗೆ, 144ರ ಹೊಣೆ ಸಾಮಾನ್ಯವಾಗಿ 18ಕ್ಕೆ ನಿಲ್ಲುತ್ತದೆ. ಪಿಯುಸಿ ಮುಗಿಯುವುದೂ ಆ ಹೊತ್ತಿಗೇ. ಮಗನ ಎಂಜಿನಿಯರಿಂಗ್ ಫೀಸು ಯಾರದು ಎಂಬುದನ್ನು ಈಗಲೇ ಬರೆಸಿಡಿ.

– ಕೌಟುಂಬಿಕ ಪ್ರಕರಣಗಳ ವಕೀಲರು, ವಿರಾಜಪೇಟೆ