ಮನೆಯ ದೊಡ್ಡ ಮಕ್ಕಳ ಕೆಮ್ಮಿನ ಬಗ್ಗೆ ದೊಡ್ಡವ್ವನ ಪತ್ರ

ಬ್ಯಾಡಗಿ

ಪ್ರೀತಿಯ ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಕುಬಸ ಮುಗಿಸಿಕೊಂಡು ಹುಬ್ಬಳ್ಳಿಯಿಂದ ಬಂದು ನಾಲ್ಕು ದಿನ ಆಯಿತು. ಹಸಿರು ಸೀರೆ, ಕೈತುಂಬ ಬಳೆ ಹಾಕಿಕೊಂಡು ಕೂತಿದ್ದ ನೀನು ಇನ್ನೂ ಕಣ್ಣಮುಂದೆಯೇ ಇದ್ದೀಯ. ಆದರೆ ಅವತ್ತು ಹೇಳಬೇಕಾದ ಒಂದು ಮಾತು ಗಂಟಲಲ್ಲೇ ಉಳಿಯಿತು. ಅಷ್ಟು ಜನರ ಮುಂದೆ ಹೇಳಿದ್ದರೆ ನಿನ್ನ ನೆಗೆಣ್ಣಿಗೆ ನೋವಾಗುತ್ತಿತ್ತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ನಿನ್ನ ಭಾವನ ಮಗ ಎಲೆ ಬಿಟ್ಟು ಎದ್ದು ಹಿತ್ತಲಿಗೆ ಓಡಿದ. ನೀನು ಒಳಗಿದ್ದೆ, ನೋಡಿರಲಿಕ್ಕಿಲ್ಲ. ನಾನು ಬೆನ್ನಿಗೇ ಹೋದೆ. ನೀರಿನ ತೊಟ್ಟಿಯ ಅಂಚು ಹಿಡಿದು ಬಗ್ಗಿ ನಿಂತಿದ್ದ. ಒಂದೇ ಸಮನೆ ಕೆಮ್ಮು, ನಡುವೆ ಉಸಿರು ಎಳೆದುಕೊಳ್ಳಲಿಕ್ಕೂ ಬಿಡುವಿಲ್ಲ. ಹದಿನೈದರವರೆಗೆ ಎಣಿಸಿದೆ. ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಕೊನೆಗೆ ತಿಂದ ಹೋಳಿಗೆಯೆಲ್ಲ ಹೊರಗೆ ಬಂತು. ಎರಡು ನಿಮಿಷಕ್ಕೆ ಬಾಯಿ ತೊಳೆದುಕೊಂಡು, ಏನೂ ಆಗದವನ ಹಾಗೆ ಮತ್ತೆ ಆಟಕ್ಕೆ ಹೋದ. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ಸಂಕ್ರಮಣದಿಂದ ಐತಿ, ಅಜ್ಜಿ" ಅಂದ. ಅಂದರೆ ಮೂರು ವಾರದ ಮೇಲಾಯಿತು. ನಿನ್ನ ಅತ್ತೆಯವರು "ಹುಬ್ಬಳ್ಳಿ ಧೂಳು, ಯಾರಿಗೆ ಬಿಟ್ಟಿದೆ" ಅಂದರು.

ನಮ್ಮ ಬ್ಯಾಡಗಿಯಲ್ಲೂ ಹೀಗೇ ಅನ್ನುತ್ತೇವೆ, ಧೂಳಿನ ಬದಲು ಮೆಣಸಿನಕಾಯಿ ಘಾಟು. ಆ ಮಾತಿನಿಂದ ನಾನೊಮ್ಮೆ ಮೋಸ ಹೋಗಿದ್ದೇನೆ. ಉಪಕೇಂದ್ರದಲ್ಲಿ ನರ್ಸ್ ಆಗಿದ್ದ ಕಾಲ. ಸುಗ್ಗಿಯಲ್ಲಿ ಒಂದು ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿ. ಹನ್ನೆರಡು ವರ್ಷದ ದೊಡ್ಡ ಹುಡುಗಿ ತೊಟ್ಟು ಬಿಡಿಸುತ್ತ ಕೂತಿದ್ದಳು, ತೊಡೆಯ ಮೇಲೆ ತಿಂಗಳ ಕೂಸು. ಹುಡುಗಿ ಕೆಮ್ಮುತ್ತಿದ್ದಳು. ಘಾಟು ಅಂದುಕೊಂಡೆ. ಕೂಸಿಗೆ ಆರು ವಾರ ತುಂಬಲಿ, ಇಂಜೆಕ್ಷನ್‌ಗೆ ಕರೆದುಕೊಂಡು ಬನ್ನಿ ಅಂತ ಹೇಳಿ ಎದ್ದು ಬಂದೆ. ಹತ್ತು ದಿನದ ಮೇಲೆ ಆ ಮನೆಯವರು ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಓಡಿ ಬಂದರು. ಕೂಸು ಕೆಮ್ಮುತ್ತಿರಲಿಲ್ಲ. ಸುಮ್ನೆ ಉಸಿರು ನಿಲ್ಲಿಸುತ್ತಿತ್ತು. ತುಟಿ ನೇರಳೆ ಹಣ್ಣಿನ ಬಣ್ಣ. ಪಾದಕ್ಕೆ ತಟ್ಟಿದರೆ ಒಮ್ಮೆ ಎಳೆದುಕೊಳ್ಳುವುದು, ಮತ್ತೆ ಸುಮ್ಮನಾಗುವುದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇಟ್ಟುಕೊಂಡರು. ಪುಣ್ಯ, ಉಳಿಯಿತು. ಆದರೆ ಅಕ್ಕನ ಕೆಮ್ಮು ನನ್ನ ಕಿವಿಗೆ ಬಿದ್ದಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಇವತ್ತಿಗೂ ಆ ತುಟಿ ಕಣ್ಣಿಗೆ ಕಟ್ಟಿದ ಹಾಗಿದೆ.

ಅದು ನಾಯಿಕೆಮ್ಮು. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಬಂದರೆ ಕೆಮ್ಮಿನ ಕೊನೆಗೆ ಉಸಿರು ಎಳೆದುಕೊಳ್ಳುವಾಗ ಕೂಗಿನಂಥ ಸದ್ದು ಬರಲೇಬೇಕು ಅಂತಿಲ್ಲ. ಮೊದಲ ಒಂದೆರಡು ವಾರ ಬರೀ ನೆಗಡಿಯ ಹಾಗೆ ಇರುತ್ತದೆ. ಅಂಟುವುದು ಆಗಲೇ ಜಾಸ್ತಿ. ಆಮೇಲೆ ಈ ಬಿಡುವಿಲ್ಲದ ಕೆಮ್ಮು, ಕೊನೆಗೆ ವಾಂತಿ. ರಾತ್ರಿ ಹೆಚ್ಚು. ಚೀನಾದಲ್ಲಿ ಇದಕ್ಕೆ ನೂರು ದಿನದ ಕೆಮ್ಮು ಅಂತಲೇ ಹೆಸರು. ದೊಡ್ಡ ಮಕ್ಕಳು ತಡೆದುಕೊಳ್ಳುತ್ತಾರೆ. ಎರಡು ತಿಂಗಳೂ ತುಂಬದ ಕೂಸು ತಡೆದುಕೊಳ್ಳುವುದಿಲ್ಲ.

"ಎಲ್ಲ ಇಂಜೆಕ್ಷನ್ ಹಾಕಿಸಿದ್ದೇವಲ್ಲ" ಅಂತ ನೀನು ಕೇಳುತ್ತೀಯ, ಗೊತ್ತು. ಇಲ್ಲೇ ಎಲ್ಲರೂ ಎಡವುವುದು. ದಡಾರ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಅನ್ನುತ್ತೇವಲ್ಲ, ನಾಯಿಕೆಮ್ಮಿಗೆ ಆ ಲೆಕ್ಕ ಇಲ್ಲ. ರೋಗವೇ ಬಂದು ಹೋದರೂ ಅದರ ರಕ್ಷಣೆ ಜೀವಮಾನ ಉಳಿಯುವುದಿಲ್ಲ. ಲಸಿಕೆಯ ಬಲ 4ರಿಂದ 12 ವರ್ಷದೊಳಗೆ ಇಳಿದುಹೋಗುತ್ತದೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾ (ನಾಯಿಕೆಮ್ಮೂ ಸೇರಿ ಐದು ರೋಗಕ್ಕೆ ಒಂದೇ ಇಂಜೆಕ್ಷನ್), ಒಂದೂವರೆ ವರ್ಷದ ಹೊತ್ತಿಗೆ ಡಿಪಿಟಿ ಬೂಸ್ಟರ್ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಮತ್ತೆ ಬಲ ಕೊಡುವುದು), 5ರಿಂದ 6 ವರ್ಷದೊಳಗೆ ಇನ್ನೊಂದು. ಸರ್ಕಾರದ ಪಟ್ಟಿಯಲ್ಲಿ ನಾಯಿಕೆಮ್ಮಿಗೆ ಅಲ್ಲಿಗೆ ಮುಗಿಯಿತು. 10 ಮತ್ತು 16ಕ್ಕೆ ಕೊಡುವ ಟಿಡಿ ಇದೆಯಲ್ಲ, ಅದರಲ್ಲಿ ಇರುವುದು ಧನುರ್ವಾಯು ಮತ್ತು ಗಂಟಲುಮಾರಿಗೆ ಮಾತ್ರ. ಶಾಲೆಯಲ್ಲಿ ಹಾಕಿದ್ದಾರೆ ಅಂತ ತಾಯಂದಿರು ನಿಶ್ಚಿಂತೆಯಾಗಿ ಇರುತ್ತಾರೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಮಕ್ಕಳ ಮೈಯಲ್ಲಿ ನಾಯಿಕೆಮ್ಮು ತಡೆಯುವ ಶಕ್ತಿ ಕರಗಿರುತ್ತದೆ. ಅದೇ ಮಕ್ಕಳು ಮನೆಗೆ ಬಂದು ಕೂಸನ್ನು ಎತ್ತಿಕೊಳ್ಳುತ್ತಾರೆ.

ಈಗ ನಿನ್ನ ಮಗನ ವಿಷಯ. ಅವತ್ತು ಅಲ್ಮಾರಿಯಿಂದ ತಾಯಿ ಕಾರ್ಡ್ ತೆಗೆಸಿ ನೋಡಿದೆ, ನೆನಪಿದೆಯಾ? ಐದು ವರ್ಷದ ಡಿಪಿಟಿ ಮನೆ ಖಾಲಿ ಇದೆ. ಒಂದೂವರೆ ವರ್ಷಕ್ಕೆ ಹಾಕಿಸಿದಾಗ ಎರಡು ದಿನ ಜ್ವರ ಬಂದು ತೊಡೆ ಗಟ್ಟಿಯಾಗಿತ್ತು, ಅದಕ್ಕೇ ಹೆದರಿ ಬಿಟ್ಟೆ ಅಂದೆ. ಜ್ವರ ಬಂದಿದ್ದಕ್ಕೆ ಕಾರಣ ಇದೆ. ಸರ್ಕಾರಿ ಡಿಪಿಟಿಯಲ್ಲಿ ಸತ್ತ ರೋಗಾಣು ಇಡಿಯಾಗಿ ಇರುತ್ತದೆ. ಮೈ ಅದನ್ನು ಗುರುತು ಹಿಡಿದು ಗುದ್ದಾಡುತ್ತದೆ. ಖಾಸಗಿಯಲ್ಲಿ ಸಿಗುವ "ನೋವಿಲ್ಲದ ಇಂಜೆಕ್ಷನ್" ಅಂದರೆ ಅದೇ ರೋಗಾಣುವಿನ ಕೆಲವು ತುಣುಕು ಮಾತ್ರ. ಜ್ವರ ಕಡಿಮೆ, ಆದರೆ ಬಲ ಬೇಗ ಇಳಿಯುತ್ತದೆ. ಅಮೆರಿಕದಲ್ಲಿ ಎಷ್ಟೋ ವರ್ಷದಿಂದ ಆ ತುಣುಕಿನ ಲಸಿಕೆಯನ್ನೇ ಕೊಡುತ್ತಾರೆ. 2010ರಲ್ಲಿ ಅಲ್ಲಿನ ಕ್ಯಾಲಿಫೋರ್ನಿಯಾದಲ್ಲಿ 9,000ಕ್ಕೂ ಹೆಚ್ಚು ಜನರಿಗೆ ನಾಯಿಕೆಮ್ಮು ಬಂತು. ಪಟ್ಟಿಯ ಪ್ರಕಾರ ಎಲ್ಲ ಹಾಕಿಸಿಕೊಂಡಿದ್ದ ಎಂಟು ಹತ್ತು ವರ್ಷದ ಮಕ್ಕಳೂ ಅದರಲ್ಲಿ ಬಹಳ ಇದ್ದರು. 10 ಕೂಸುಗಳು ತೀರಿಕೊಂಡವು. ನೋವಿಲ್ಲದ್ದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಯಾವುದಾದರೂ ಸರಿ, ಹಾಕಿಸುವುದು ಮುಖ್ಯ. ನನ್ನನ್ನು ಕೇಳಿದರೆ ಸರ್ಕಾರಿಯದ್ದೇ ಹಾಕಿಸು ಅನ್ನುತ್ತೇನೆ. ಹಿಂದಿನ ಸಲ ಬಂದ ಜ್ವರದ ಬಗ್ಗೆ ಅಲ್ಲಿನ ಸಿಸ್ಟರ್‌ಗೆ ಮೊದಲೇ ಹೇಳು. ಅವನಿಗೆ ಬರುವ ತಿಂಗಳು ಆರು ತುಂಬುತ್ತದೆ. ಏಳರ ನಂತರ ಡಿಪಿಟಿ ಕೊಡುವುದಿಲ್ಲ.

ನಿನಗೂ ಒಂದಿದೆ. ಟಿಡ್ಯಾಪ್ ಅಂತ, ಟಿಡಿಯ ಜೊತೆಗೆ ನಾಯಿಕೆಮ್ಮಿನ ತಡೆಯೂ ಸೇರಿದ ಇಂಜೆಕ್ಷನ್. ಬಸುರಿಯರಿಗೆ 27ರಿಂದ 36 ವಾರದೊಳಗೆ ಕೊಡುತ್ತಾರೆ. ನಿನಗೆ ಈಗ ಇಪ್ಪತ್ತೊಂಬತ್ತು, ಸರಿಯಾದ ಹೊತ್ತು. ಎರಡು ವಾರದಲ್ಲಿ ನಿನ್ನ ರಕ್ತದಲ್ಲಿ ತಯಾರಾಗುವ ರಕ್ಷಣೆ ಮಾಸಿನ ಮೂಲಕ ಕೂಸಿಗೂ ಹೋಗುತ್ತದೆ. ಹುಟ್ಟಿದ ದಿನದಿಂದ ಪೆಂಟಾ ಸಿಗುವವರೆಗಿನ ಆ ಬೆತ್ತಲೆ ದಿನಗಳಿಗೆ ಅದೊಂದೇ ಹೊದಿಕೆ. ಮೊದಲ ಸಲ ಹಾಕಿಸಿಕೊಂಡಿದ್ದರೂ ಪ್ರತಿ ಬಸಿರಿಗೂ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಟಿಡಿ. ಟಿಡ್ಯಾಪ್‌ಗೆ ನಿನ್ನ ಡಾಕ್ಟರಮ್ಮನನ್ನು ಕೇಳಬೇಕು. ದುಡ್ಡು ಬೀಳುತ್ತದೆ. ತೊಟ್ಟಿಲಿಗೆ ಅಂತ ನಾನು ಎತ್ತಿಟ್ಟ ದುಡ್ಡು ಇದೆ, ಅದನ್ನೇ ಕಳಿಸುತ್ತೇನೆ. ತೊಟ್ಟಿಲು ನಮ್ಮ ಮನೆಯ ಹಳೆಯದೇ ಗಟ್ಟಿ ಇದೆ.

ಭಾವನ ಮಗನದ್ದು ನಾಯಿಕೆಮ್ಮೇ ಅಂತ ನಾನು ತೀರ್ಪು ಕೊಡುತ್ತಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯೂ ಮಾಡಿಸಬೇಕು. ಮೂಗಿನೊಳಗಿಂದ ಕಡ್ಡಿಯಲ್ಲಿ ತೆಗೆದು ನೋಡಿದರೆ ನಾಯಿಕೆಮ್ಮು ಗೊತ್ತಾಗುತ್ತದೆ. ಮಾತ್ರೆ ಇದೆ. ಐದು ದಿನ ತೆಗೆದುಕೊಂಡರೆ ಇನ್ನೊಬ್ಬರಿಗೆ ಅಂಟುವುದು ನಿಲ್ಲುತ್ತದೆ, ಕೆಮ್ಮು ಮಾತ್ರ ಇನ್ನೂ ಕೆಲವು ವಾರ ಎಳೆಯುತ್ತದೆ. ಮನೆಯಲ್ಲಿ ಬಸುರಿ ಇದ್ದಾಳೆ ಅಂತ ಡಾಕ್ಟರಿಗೆ ತಪ್ಪದೆ ಹೇಳಬೇಕು. ಹೀಗೊಬ್ಬ ಕೆಮ್ಮುವವನು ಮನೆಯಲ್ಲಿದ್ದಾನೆ ಅಂತ ನಿನ್ನ ಡಾಕ್ಟರಮ್ಮನಿಗೂ ಹೇಳು. ವಾಸಿಯಾದ ಮೇಲೆ ಅವನಿಗೂ ಟಿಡ್ಯಾಪ್ ಕೇಳಿ. ಹತ್ತು ದಾಟಿದ ಮಕ್ಕಳಿಗೆ ಮಕ್ಕಳ ಡಾಕ್ಟರು ಕೊಡುತ್ತಾರೆ.

ನೆಗೆಣ್ಣಿಯ ಹತ್ತಿರ ಮಾತು ತೆಗೆಯುವಾಗ ಜೋಪಾನ. "ನಿಮ್ಮ ಮಗನಿಂದ ನನ್ನ ಕೂಸಿಗೆ" ಅಂತ ಬಾಯಿ ತಪ್ಪಿಯೂ ಬರಬಾರದು. ನಿನ್ನ ಮಗನ ಕಾರ್ಡನ್ನೇ ಮೊದಲು ಮುಂದೆ ಇಡು. "ಅಕ್ಕಾ, ನಮ್ಮವನದ್ದು ಬಿಟ್ಟುಹೋಗಿದೆ, ಇಬ್ಬರನ್ನೂ ಒಟ್ಟಿಗೇ ತೋರಿಸಿಕೊಂಡು ಬರೋಣ" ಅನ್ನು. ಒಳ್ಳೆಯ ಹೆಂಗಸು ಆಕೆ. ಅವತ್ತು ನಿನ್ನ ಕಾಲಿಗೆ ಬಾವು ಬಂದಿದೆ ಅಂತ ಮಣೆ ತಂದು ಇಟ್ಟವಳು ಅವಳೇ.

ಬಾಣಂತಿ ಕೋಣೆಗೆ ಎಲ್ಲರನ್ನೂ ಬಿಡಬಾರದು ಅಂತ ನಮ್ಮ ಹಿರಿಯರು ಇಟ್ಟ ಕಟ್ಟಳೆಯನ್ನು ಈ ಒಂದು ವಿಷಯದಲ್ಲಿ ಬಿಗಿಯಾಗಿ ಹಿಡಿ. ಕೆಮ್ಮುವವರು, ನಾನೇ ಆಗಲಿ, ಹೊಸ್ತಿಲಾಚೆಯೇ. ಓಣಿಯಲ್ಲಿ ಕತ್ತೆ ಹಾಲು ಮಾರುವವರು ಬರುತ್ತಾರೆ, ಕೂಸಿನ ಕೆಮ್ಮಿಗೆ ಒಳ್ಳೆಯದು ಅಂತ ಅತ್ತೆಯವರು ಚಮಚದಲ್ಲಿ ಹಿಡಿದಾರು. ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ. ಕೂಸು ಉಸಿರು ನಿಲ್ಲಿಸಿದರೆ, ತುಟಿ ಬಣ್ಣ ತಿರುಗಿದರೆ, ಯಾರನ್ನೂ ಕೇಳುತ್ತ ಕೂರಬೇಡ. ಸೀದಾ ಆಸ್ಪತ್ರೆಗೆ ಹೋಗು.

ಬರುವ ಗುರುವಾರ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇರುತ್ತದೆ. ಬೆಳಿಗ್ಗೆ ಮಗನಿಗೆ ತಿಂಡಿ ತಿನ್ನಿಸಿ, ಸಡಿಲ ತೋಳಿನ ಅಂಗಿ ಹಾಕಿ ಕರೆದುಕೊಂಡು ಹೋಗು. ಕಾರ್ಡ್ ಮರೆಯಬೇಡ. ಖಾಲಿ ಇದ್ದ ಆ ಮನೆಯಲ್ಲಿ ತಾರೀಖು ಬರೆಸಿಕೊಂಡು, ಫೋಟೋ ತೆಗೆದು ನನಗೆ ಕಳಿಸು. ಅಂಟಿನುಂಡಿಗೆ ಅಂಟು, ಅಳವಿ ತಂದಿಟ್ಟಿದ್ದೇನೆ. ಹೆರಿಗೆಗೆ ಹದಿನೈದು ದಿನ ಇರುವಾಗ ಬರುತ್ತೇನೆ.

ಅಳಿಯಂದಿರಿಗೆ, ಮಕ್ಕಳಿಬ್ಬರಿಗೂ ಆಶೀರ್ವಾದ.

ಇಂತಿ ನಿನ್ನ
ದೊಡ್ಡವ್ವ