ಹಾರ್ಮೋನ್ ತಡೆಯುವ ಮದ್ದು ಪಡೆಯುತ್ತಿರುವವರ ಮನೆಯವರಿಗೆ

ಗುಂಪಿನ ಎಲ್ಲರಿಗೂ ನಮಸ್ಕಾರ.

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಲ್ಯೂಪ್ರೊಲೈಡ್ ಚುಚ್ಚುಮದ್ದು ಪಡೆಯುತ್ತಿರುವವರು ನಮ್ಮಲ್ಲಿ ಹಲವರಿದ್ದಾರೆ. ಅದು ಗಡ್ಡೆಯನ್ನು ಬೆಳೆಸುವ ಟೆಸ್ಟೊಸ್ಟೆರಾನ್ ಹಾರ್ಮೋನನ್ನು ತೀರಾ ಕೆಳಕ್ಕೆ ಇಳಿಸುತ್ತದೆ. ಆ ಹಾರ್ಮೋನ್ ಇಳಿದಾಗ ಮೈ ಬಿಸಿಯೇರುತ್ತದೆ, ನಿದ್ದೆ ಕೆಡುತ್ತದೆ, ಕಸುವು ಕುಂದುತ್ತದೆ. ಕೆಲವರಿಗೆ ಖಿನ್ನತೆಯೂ ಬರುತ್ತದೆ.

ನನ್ನ ತಂದೆಯವರು ಕಳೆದ ಮಳೆಗಾಲದಲ್ಲಿ ಮಂಕಾದಾಗ ನಾವು ಮಳೆಯನ್ನೇ ದೂರಿದೆವು. ಮಡಿಕೇರಿಯ ಜುಲೈನಲ್ಲಿ ಯಾರಿಗೆ ಬೇಸರವಿರುವುದಿಲ್ಲ! ಆದರೆ ಮಳೆ ನಿಂತು ಕಾಫಿ ಕೊಯ್ಲು ಶುರುವಾದರೂ ಅವರು ಕಣದತ್ತ ಹೆಜ್ಜೆ ಇಡಲಿಲ್ಲ. ನಲವತ್ತು ವರ್ಷ ತೋಟ ನೋಡಿಕೊಂಡ ಮನುಷ್ಯ. ಇದು ಮದ್ದಿನ ಪರಿಣಾಮವಿರಬಹುದೆಂದು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಆ ತಿಂಗಳುಗಳು ಇಂದಿಗೂ ನನ್ನನ್ನು ಕಾಡುತ್ತವೆ.

ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ವೈದ್ಯರಿಗೆ ತಿಳಿಸಿ. ಖಿನ್ನತೆಗೆ ಚಿಕಿತ್ಸೆಯಿದೆ. ಚುಚ್ಚುಮದ್ದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಸ್ತನ ಕ್ಯಾನ್ಸರ್‌ಗೆ ಟ್ಯಾಮೊಕ್ಸಿಫೆನ್ ನುಂಗುತ್ತಿರುವ ಅಕ್ಕಂದಿರು ಇನ್ನೊಂದನ್ನು ಗಮನಿಸಬೇಕು. ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳು ಟ್ಯಾಮೊಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬರುವುದನ್ನು ತಡೆಯುತ್ತವೆ. ಮನೋವೈದ್ಯರ ಬಳಿ ಹೋಗುವಾಗ ಕ್ಯಾನ್ಸರ್ ಮದ್ದಿನ ಚೀಟಿಯನ್ನು ತಪ್ಪದೇ ಒಯ್ಯಿರಿ.

ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಗುಂಪಿನಲ್ಲಿ ಹೇಳಿಕೊಳ್ಳಲು ಸಂಕೋಚವಾದರೆ ನನಗೆ ನೇರವಾಗಿ ಬರೆಯಿರಿ.