ಭಾನುವಾರದ ಜ್ಯಾಮ್: ‘ನವೆಂಬರ್ ರೇನ್’ಗೆ ತಯಾರಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಜಯನಗರದ ಜ್ಯಾಮ್ ರೂಮಿನಲ್ಲಿ (ಬ್ಯಾಂಡ್ ಅಭ್ಯಾಸದ ಬಾಡಿಗೆ ಕೋಣೆ) ಗನ್ಸ್ ಎನ್ ರೋಸಸ್ ತಂಡದ ‘ನವೆಂಬರ್ ರೇನ್’ ಹಿಡಿಯೋಣ. 1992ರಲ್ಲಿ ಸಿಂಗಲ್ ಆಗಿ ಬಂದ, ಸುಮಾರು ಒಂಬತ್ತು ನಿಮಿಷದ ಹಾಡು. ಕತ್ತರಿಸುವುದು ಬೇಡ, ಪೂರ್ತಿ ನುಡಿಸೋಣ.

ಮೊದಲು ಶ್ರುತಿ, ಎಲ್ಲರೂ ಎಡವುವುದೇ ಇಲ್ಲಿ. ಗಿಟಾರ್, ಬೇಸ್ ಎರಡನ್ನೂ ಅರ್ಧ ಸ್ವರ ಇಳಿಸಿ, ಅಂದರೆ ಇ ತಂತಿ ಇ ಫ್ಲಾಟ್ ಆಗಬೇಕು. ಬೆರಳು ಸಿ ಕಾರ್ಡಿನಲ್ಲಿದ್ದರೂ ಕೇಳಿಸುವುದು ಬಿ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ (ಇಡೀ ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವ ಸೆಟ್ಟಿಂಗ್) ಮೈನಸ್ 1 ಇಟ್ಟು ಸಿ ನುಡಿಸಿ, ಇಲ್ಲವೇ ಟ್ರಾನ್ಸ್‌ಪೋಸ್ ಮುಟ್ಟದೆ ನೇರವಾಗಿ ಬಿ ನುಡಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ಬಿ ಫ್ಲಾಟ್ ಬಂದು ಇಡೀ ಹಾಡು ಕಿವಿಗೆ ಚುಚ್ಚುತ್ತದೆ.

ಗಿಟಾರಿನಲ್ಲಿ ಫ್ಲಾಯ್ಡ್ ರೋಸ್ ಬ್ರಿಜ್ (ತಂತಿ ಹಿಡಿದಿರುವ, ಸ್ಪ್ರಿಂಗ್ ಮೇಲೆ ಅಲುಗುವ ಭಾಗ) ಇರುವವರು ಶನಿವಾರವೇ ಶ್ರುತಿ ಇಳಿಸಿಡಿ. ಒಂದು ತಂತಿ ಸಡಿಲಿಸಿದರೆ ಸ್ಪ್ರಿಂಗ್ ಎಳೆದು ಉಳಿದ ಐದೂ ಏರುತ್ತವೆ. ಆರನ್ನೂ ಮೂರ್ನಾಲ್ಕು ಸುತ್ತು ಸರಿಪಡಿಸಬೇಕು. ರೂಮಿನ ಬಾಡಿಗೆ ಗಂಟೆ ಲೆಕ್ಕದಲ್ಲಿದೆ, ಅಲ್ಲಿ ಕೂತು ಮಾಡುವ ಕೆಲಸ ಅಲ್ಲ.

ಸೋಲೋಗೆ ನೆಕ್ ಪಿಕಪ್ (ಗಿಟಾರಿನ ಕತ್ತಿನ ಕಡೆ ಇರುವ, ತಂತಿಯ ಸದ್ದು ಹಿಡಿಯುವ ಭಾಗ), ಗೇನ್ (ಆಂಪ್‌ನಲ್ಲಿ ಸದ್ದು ಒಡೆಯುವ ಪ್ರಮಾಣ) ಮಿತವಾಗಿ. ಗೇನ್ ಹೆಚ್ಚಾದರೆ ಉದ್ದ ಸ್ವರಗಳ ಬೆಂಡ್ (ತಂತಿ ಬಾಗಿಸಿ ಸ್ವರ ಏರಿಸುವುದು) ಮಸುಕಾಗುತ್ತದೆ, ಈ ಸೋಲೋದ ಜೀವ ಇರುವುದೇ ಆ ಬೆಂಡ್‌ಗಳಲ್ಲಿ. ಸ್ವರ ಮುಟ್ಟಿದ ಮೇಲೆ ನಿಧಾನವಾಗಿ ವೈಬ್ರೇಟೊ (ಸ್ವರದ ಅಲುಗಾಟ) ಕೊಡಿ.

ಡ್ರಮ್ಸ್‌ಗೆ ಕ್ಲಿಕ್ (ಮೆಟ್ರೋನೋಮ್) ನಿಮಿಷಕ್ಕೆ 80 ಬೀಟ್‌ ಆಸುಪಾಸು. ಮೊದಲ ಚರಣದಲ್ಲೇ ಕ್ರ್ಯಾಶ್ ಸಿಂಬಲ್ ಪೂರ್ತಿ ಹೊಡೆದುಬಿಟ್ಟರೆ, ಕಡೆಯಲ್ಲಿ ಹಾಡು ಮೈನರ್‌ಗೆ ತಿರುಗುವಾಗ ಏರುವುದಕ್ಕೆ ಜಾಗವೇ ಉಳಿಯುವುದಿಲ್ಲ. ಕಡೆಯ ಆ ಭಾಗವನ್ನು ಮೊದಲು ಪ್ರತ್ಯೇಕವಾಗಿ ನುಡಿಸಿ, ಆಮೇಲೆ ಇಡೀ ಹಾಡು.

ಟ್ಯೂನರ್ ಪೆಡಲ್‌ಗೆ ಹೊಸ 9 ವೋಲ್ಟ್ ಬ್ಯಾಟರಿ ತನ್ನಿ.